ಅಂದಪ್ಪನವರ ಒಪ್ಪಿಗೆ

ದಿನಾ ಬೆಳಗಾದರೆ ವೆಬ್‌ಸೈಟಿನಲ್ಲಿ ಅಕ್ಕಿ ದರ ಬದಲಿಸಿ ಬೇಸತ್ತ ಗಂಗಾವತಿಯ ಗಿರಣಿ ಗುಮಾಸ್ತ ಪಂಪಾಪತಿ, ಕಂಪ್ಯೂಟರಿನಲ್ಲಿ ಉಳಿಸಿದ್ದೆಲ್ಲ ತಾನಾಗಿಯೇ ವೆಬ್‌ಸೈಟಿಗೆ ಏರುವಂತೆ ಒಂದು ವ್ಯವಸ್ಥೆ ಮಾಡಿದ. ಪರೀಕ್ಷೆಗೆ ಏನಾದರೂ ಬರೆಯಬೇಕಲ್ಲ? ಎದುರಿಗೆ ಖಾಲಿ ಕುರ್ಚಿಯಿತ್ತು. ಅಲ್ಲಿ ಕೂರುತ್ತಿದ್ದ ಸುರೇಖಾ ಬ್ಯಾಂಕಿನ ಕೆಲಸ ಸಿಕ್ಕಿ ತನ್ನೂರು ಕುಷ್ಟಗಿಗೆ ಹೋದ ಮೇಲೆ, ಆ ಕುರ್ಚಿಯಲ್ಲಿ ಅವನು ಯಾರನ್ನೂ ಕೂರಗೊಟ್ಟಿರಲಿಲ್ಲ. ‘ಸುರೇಖಾ, ನೀವು ಹೋದ ಮ್ಯಾಲ ಚಹಾನೂ ಸಪ್ಪಗ ಆಗೇತಿ’ ಎಂದು ಬರೆದು ಉಳಿಸಿದ. ಅಳಿಸುವುದನ್ನು ಮರೆತು, ಅದೇ ಸಪ್ಪೆ ಚಹಾ ಕುಡಿಯಲು ಹೊರಟ.

ಚಹಾದಂಗಡಿಯ ರೆಹಮಾನ ಫೋನು ಮುಂದೆ ಹಿಡಿದ. “ಏನ್ರೀ, ಸೋನಾಮಸೂರಿ ರೇಟಿನ ಮ್ಯಾಲ ನಮ್ಮ ಚಹಾದ ಮರ್ಯಾದಿ ತಗದೀರಿ?”

ಪಂಪಾಪತಿ ಓಡಿಬಂದ. ಮಾಲೀಕ ಅಂದಪ್ಪನವರು ಬಾಗಿಲಲ್ಲೇ ನಿಂತಿದ್ದರು.

“ಸುರೇಖಾ ಅಂದ್ರ ಹೊಸಾ ಅಕ್ಕಿ ಏನ್ರಿ ಅಂತ ವ್ಯಾಪಾರಿಗಳು ಫೋನ್ ಹಚ್ಯಾರ. ಅಳಸು ಮೊದ್ಲ. ಇನ್ನ ಮ್ಯಾಲ ನನ್ನ ಫೋನಿಗೆ ಕೇಳಿ, ನಾ ಹೂಂ ಅಂದ್ರಷ್ಟ ಏರಬೇಕು.”

ಪಂಪಾಪತಿ ಅಳಿಸಿದ. ಬೆವರೊರೆಸಿಕೊಳ್ಳುತ್ತ, ಅಂದಪ್ಪನವರು ಒಪ್ಪದೆ ಒಂದಕ್ಷರವೂ ದಾಟದಂತೆ ತಾನೇ ಬೀಗ ಜಡಿದ. ಬೀಗ ಬಲು ಗಟ್ಟಿಯಾಗಿತ್ತು; ಅದನ್ನು ತೆಗೆಯಲೂ ಅವರ ಒಪ್ಪಿಗೆಯೇ ಬೇಕಿತ್ತು.

ಸಂಜೆ ಸುರೇಖಾಳ ಫೋನು ಬಂತು.

“ಏನೋ ಬರದಿದ್ರಂತ. ನಾ ನೋಡೂದ್ರಾಗ ಇರಲಿಲ್ಲ. ಯಾಕ ಅಳಿಸಿದ್ರಿ?”

“ಅಂಜಿಕಿ ಆತ್ರಿ.”

“ನಾಳೆ ಯಲಬುರ್ಗಾದಿಂದ ನನ್ನ ನೋಡಾಕ ಬರ್ತಾರ. ನಾನಾಗಿ ಅಪ್ಪನ ಮುಂದ ಬಾಯಿ ತಗಿಯಾಕ ಆಗಂಗಿಲ್ಲ. ಅವ ತನ್ನ ಅಕ್ಕಿ ಅಂಗಡಿ ಮುಚ್ಚೂ ಮುಂದ ದಿನಾ ನಿಮ್ಮ ರೇಟ್ ನೋಡ್ತಾನ. ಮತ್ತ ಹಾಕ್ರಿ. ಯಾರವ ಅಂತ ಕೇಳಿದ್ರ ನಾ ಹೇಳ್ತೀನಿ.”

ಪಂಪಾಪತಿ ಅದೇ ಸಾಲನ್ನು ಮತ್ತೆ ಬರೆದು ಉಳಿಸಿದ. ‘ಅಂದಪ್ಪನವರ ಒಪ್ಪಿಗೆಗೆ ಕಾಯುತ್ತಿದೆ’ ಎಂದಿತು ಕಂಪ್ಯೂಟರು. ಅಂದಪ್ಪನವರು ಫೋನು ಎತ್ತಲಿಲ್ಲ. ಕಾಲು ಹಿಡಿದಾದರೂ ಒಪ್ಪಿಸುತ್ತೇನೆಂದು ಅವರ ಮನೆಗೆ ಓಡಿದ.

“ಅವರು ಯಲಬುರ್ಗಾಕ್ಕ ಹೋಗ್ಯಾರಪ” ಎಂದರು ಅವರ ಹೆಂಡತಿ ವಿರೂಪಾಕ್ಷಮ್ಮ. “ನಮ್ಮ ಅಕ್ಕನ ಮಗಗ ನಾಳೆ ಕುಷ್ಟಗ್ಯಾಗ ಕನ್ಯಾ ನೋಡೂದೈತಿ. ನಿಮ್ಮ ಗಿರಣ್ಯಾಗ ಇದ್ಲಲ್ಲ ಸುರೇಖಾ, ಆಕಿನ. ನಮ್ಮನಿಯವರೇ ಮುಂದ ನಿಂತು ಈ ಸಂಬಂಧ ಹಚ್ಯಾರ. ಕುಂದ್ರು, ಚಹಾ ಮಾಡ್ತೀನಿ.”

ಅಷ್ಟರಲ್ಲಿ ಪಂಪಾಪತಿಯ ಫೋನು ಗುಂಯ್‌ಗುಟ್ಟಿತು; ಅವನ ಸಾಲಿಗೆ ಉತ್ತರ ಬಂದಿತ್ತು. ವ್ಯವಸ್ಥೆ ಚೂರೂ ತಪ್ಪದೆ ಕೆಲಸ ಮಾಡಿತ್ತು. ಅಂದಪ್ಪನವರು ಒಪ್ಪಿರಲಿಲ್ಲ.