ಉಡಿ ತುಂಬುವ ಹೊತ್ತಿಗೆ ತಲೆ ತಗ್ಗಿಸಿದ ಸ್ಟ್ಯಾಂಡಿಗೆ

ಮಾನ್ಯ ಕ್ಯಾಮೆರಾ ಸ್ಟ್ಯಾಂಡ್ ಸಾಹೇಬರ ಸನ್ನಿಧಿಗೆ, ಭಾಲ್ಕಿಯ ಮನ್ಮಥಪ್ಪನವರ ಮನೆಯ ಹಿರಿಯಳಾದ ಈರಮ್ಮ ಮಾಡುವ ಶರಣು ಶರಣಾರ್ಥಿಗಳು. ತಾವು ನಮ್ಮ ಪಡಸಾಲೆಯ ಮೂಲೆಯಲ್ಲಿ ಮೂರೂ ಕಾಲು ಮಡಚಿಕೊಂಡು ಸುಖವಾಗಿರುವುದನ್ನು ದಿನವೂ ಕಣ್ಣಾರೆ ಕಾಣುತ್ತಿರುವುದರಿಂದ ಕ್ಷೇಮ ವಿಚಾರಿಸುವ ಗೋಜಿಗೆ ಹೋಗುವುದಿಲ್ಲ. ಒಂದೇ ಸೂರಿನ ಕೆಳಗಿದ್ದು ಪತ್ರವೇಕೆ ಎಂದು ತಾವು ಕೇಳಬಹುದು. ತಮ್ಮ ಕೀರ್ತಿ ಈಗಾಗಲೇ ಔರಾದ ತಾಲ್ಲೂಕು ಮುಟ್ಟಿದೆ. ಇನ್ನು ನಾನೊಬ್ಬಳೇ ಅದನ್ನು ಸೆರಗಿನಲ್ಲಿ ಮುಚ್ಚಿಟ್ಟುಕೊಳ್ಳುವುದು ಸರಿಯಲ್ಲವೆಂದು ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

ತಮ್ಮನ್ನು ನನ್ನ ಕಿರಿಯ ಮಗ ಅವಿನಾಶ ಬೀದರದಿಂದ ತಂದದ್ದು ನನ್ನ ಹಿರಿಯ ಸೊಸೆ ಈಶ್ವರಿಯ ಕುಬಸಕ್ಕೆಂದು. ಚೊಚ್ಚಲ ಬಸುರಿಗೆ ಹಸಿರು ಸೀರೆ ಉಡಿಸಿ, ನೆಂಟರ ಹೆಣ್ಣುಮಕ್ಕಳು ಒಬ್ಬೊಬ್ಬರಾಗಿ ಉಡಿ ತುಂಬುವುದನ್ನು ವಿಡಿಯೋ ಮಾಡಬೇಕೆಂದು ಅವನ ಆಸೆ. ಬೆಂಕಿಪೊಟ್ಟಣದಷ್ಟು ಕ್ಯಾಮೆರಾ ಅವನಲ್ಲಿ ಮೊದಲೇ ಇತ್ತು, ಅದನ್ನು ಹೊರಲು ತಮ್ಮಂಥ ಎತ್ತರದ ಆಳು ಬೇಕಾಯಿತು. ಅಂಗಡಿಯ ಫಕ್ರೋದ್ದೀನ, "ಬೇಫಿಕರ್ ಇರ್ರಿ, ಭೂಕಂಪ ಆದ್ರೂ ಇದು ಅಲುಗಾಡಂಗಿಲ್ಲ" ಎಂದನಂತೆ. ಆ ಮನುಷ್ಯ ಸುಳ್ಳು ಹೇಳಿಲ್ಲ. ಭೂಕಂಪವಾಗಿದ್ದರೆ ತಾವು ಅಲುಗಾಡದೆ ನಿಂತಿರುತ್ತಿದ್ದಿರೇನೋ. ಆದದ್ದು ಬರೀ ಕುಬಸ.

ತಮ್ಮ ನೆತ್ತಿಯ ಪ್ಲೇಟಿಗೆ ಕ್ಯಾಮೆರಾವನ್ನು ಸ್ಕ್ರೂ ಹಾಕಿ ಬಿಗಿದು, ಆ ಪ್ಲೇಟನ್ನು ಸಂದಿಯೊಳಗೆ ಕೂರಿಸಿ, ಪಕ್ಕದ ಲಾಕ್ ಒತ್ತಿದರೆ ಸಾಕು ಎಂದು ಅವಿನಾಶ ನನಗೆ ವಿವರಿಸಿದ. ಹುಟ್ಟಿದಾಗಿನಿಂದ ನನ್ನ ಕೊರಳಲ್ಲಿ ಲಿಂಗವಿದೆ, ಅದನ್ನು ಹಿಡಿದಿರುವುದು ಒಂದು ನೂಲಿನ ದಾರ. ಹೊಲ ಮಾಡಿದ್ದೇನೆ, ಹಡೆದಿದ್ದೇನೆ, ಗದ್ದಲದ ಬಸ್ಸು ಹತ್ತಿ ಇಳಿದಿದ್ದೇನೆ, ಅದು ಜಾರಿದ್ದಿಲ್ಲ. ಸ್ಕ್ರೂ, ಪ್ಲೇಟು, ಲಾಕು ಇಷ್ಟೆಲ್ಲ ಐಶ್ವರ್ಯವಿದ್ದ ತಾವು ಒಂದು ಬೆಂಕಿಪೊಟ್ಟಣವನ್ನು ಒಂದು ಹೊತ್ತು ನೆಟ್ಟಗೆ ಹಿಡಿಯಲಾರದೆ ಹೋದದ್ದು ಹೇಗೆಂದು ಯೋಚಿಸಿದಷ್ಟೂ ತಮ್ಮ ಮೇಲಿನ ಗೌರವ ಹೆಚ್ಚುತ್ತಿದೆ.

ತಪ್ಪು ಅವ್ವನದೇ ಎಂದು ಅವಿನಾಶ ಆಮೇಲೆ ಸೂಜಿಯಿಂದ ತಮ್ಮ ಸಂದಿಯನ್ನು ಕೆದಕಿ ತೋರಿಸಿದ. ಹೊಸ ಸಾಮಾನು ಮನೆಗೆ ಬಂತೆಂದು ನಾನು ತಮಗೆ ವಿಭೂತಿ, ಅರಿಷಿಣ, ಕುಂಕುಮ ಹಚ್ಚಿ ಕಾಯಿ ಒಡೆದಿದ್ದೆ. "ಅವ್ವಾ, ಅರಿಷಿಣ ಒಳಗ ಕುಂತು ಗಟ್ಟಿ ಆಗ್ಯಾದ, ಲಾಕ್ ಪೂರಾ ಕುಂತೇ ಇಲ್ಲ" ಎಂದ. ನಮ್ಮ ಟ್ರ್ಯಾಕ್ಟರ್ ಅರಿಷಿಣ ಹಚ್ಚಿಸಿಕೊಂಡು ಕಬ್ಬು ಹೊರುತ್ತದೆ. ಮಿಕ್ಸಿ ಹಚ್ಚಿಸಿಕೊಂಡು ಶೇಂಗಾ ಅರೆಯುತ್ತದೆ. ಪೂಜೆ ಮಾಡಿಸಿಕೊಂಡು ಕೆಲಸ ಬಿಟ್ಟವರು ನಮ್ಮ ಮನೆಯಲ್ಲಿ ತಾವೊಬ್ಬರೇ. ಇಷ್ಟು ಬೇಗ ದೇವರಾಗುವವರನ್ನು ನಾನು ಬೇರೆಲ್ಲೂ ಕಂಡಿಲ್ಲ.

ಇನ್ನು ಮುಖ್ಯ ವಿಷಯ. ನಮ್ಮ ಮನೆತನದಲ್ಲಿ ಮೊದಲ ಉಡಿ ತುಂಬುವ ಮಾನ ಮನೆಯ ಮಗಳದು. ಅಂದರೆ ನನ್ನ ನಾದಿನಿ, ಔರಾದ ತಾಲ್ಲೂಕಿನ ಚಿಂತಾಕಿಗೆ ಕೊಟ್ಟ ಮಲ್ಲೇಶ್ವರಿಯದು. ಆದರೆ ಅಂದು ಮೊದಲು ತುಂಬಿದ್ದು ಬೀದರದಿಂದ ಬಂದ ನನ್ನ ಬೀಗತಿ, ಈಶ್ವರಿಯ ತಾಯಿ. "ಮನಿ ಮಗಳನ್ನ ಹಿಂದ ಸರಿಸಿ ಬೀಗತಿ ಕೈಲೆ ತುಂಬಿಸಿದ್ರಿ" ಎಂದು ಮಲ್ಲೇಶ್ವರಿ ಊಟಕ್ಕೂ ನಿಲ್ಲದೆ ಬಸ್ಸು ಹತ್ತಿದಳು. ಆಮೇಲೆ ಫೋನು ಎತ್ತಲಿಲ್ಲ. ನನ್ನ ಕೈಯ ರೊಟ್ಟಿ ಉಂಡು ದೊಡ್ಡವಳಾದ ಹುಡುಗಿ ಅವಳು. ಆದರೂ ನಾನು ಧೈರ್ಯವಾಗಿದ್ದೆ, ಏಕೆಂದರೆ ತಾವಿದ್ದಿರಿ. ಅವಳನ್ನು ಯಾರೂ ಸರಿಸಿಲ್ಲ, ವಿಡಿಯೋ ನೋಡಿ ಮಾತಾಡಿರೆಂದು ಬಂಧುಬಳಗಕ್ಕೆಲ್ಲ ಸಾರಿಬಿಟ್ಟೆ.

ಆ ವಿಡಿಯೋ ತೆರೆದರೆ, ಮೊದಲು ಎಲ್ಲರ ಮುಖ, ಆಮೇಲೆ ಕೊರಳು, ಆಮೇಲೆ ಸೀರೆಯ ಅಂಚು. ಉಡಿ ತುಂಬುವ ಹೊತ್ತಿಗೆ ತಾವು ಹೊಸ ಮದುಮಗಳಂತೆ ಪೂರ್ತಿ ತಲೆ ತಗ್ಗಿಸಿ ಜಮಖಾನೆಯ ಮೇಲಿನ ಕಾಲುಗಳನ್ನು ಮಾತ್ರ ನೋಡುತ್ತಿದ್ದಿರಿ. ಹೆಂಗಸರನ್ನು ಕಣ್ಣೆತ್ತಿ ನೋಡದ ಇಂಥ ಮರ್ಯಾದಸ್ಥ ಇಡೀ ಜಿಲ್ಲೆಯಲ್ಲಿ ಸಿಗಲಾರ. ಆದರೂ ಆ ಕಾಲುಗಳಲ್ಲಿ ಒಂದು ಜೋಡಿ ಮುಂದೆ ಬಂದು, ನಿಂತು, ತಾನಾಗಿ ಹಿಂದಕ್ಕೆ ಸರಿದದ್ದು ಸ್ಪಷ್ಟವಾಗಿತ್ತು. ಅವಿನಾಶ ಅದನ್ನು ಚಿಂತಾಕಿಗೆ ಕಳಿಸಿದ. "ಆ ಕಾಲು ನನ್ನವಲ್ಲ" ಎಂದು ಉತ್ತರ ಬಂತು.

ಮರುದಿನವೇ ಮಲ್ಲೇಶ್ವರಿ ತನ್ನ ಕಾಲುಗಳನ್ನು ಸಾಕ್ಷಿಗೆ ತೆಗೆದುಕೊಂಡು ಬಂದಳು. ಟಿವಿಯಲ್ಲಿ ವಿಡಿಯೋ ಹಾಕಿಸಿ, ಪಕ್ಕದಲ್ಲಿ ಸೀರೆ ಒಂದಿಷ್ಟು ಎತ್ತಿ ನಿಂತಳು. ಅವಳ ಎಡಗಾಲ ಮೇಲೆ ಸಣ್ಣವಳಿದ್ದಾಗ ಬೆಲ್ಲದ ಪಾಕ ಸಿಡಿದ ಕಲೆಯಿದೆ. ಟಿವಿಯ ಕಾಲಿನ ಮೇಲೂ ಅದೇ ಕಲೆ. ನಾನು ಗೆದ್ದೆನೆಂದು ಸೆರಗು ಸರಿಮಾಡಿಕೊಳ್ಳುವಷ್ಟರಲ್ಲಿ ಅವಳು, "ಕಾಲು ಹಿಂದ ಸರದದ್ದು ಖರೇ ಅದ ವೈನಿ. ಯಾಕ ಸರೀತು ಕೇಳ್ರಿ. ನಿಮ್ಮ ಕಣ್ಣು ನೋಡಿ ಸರೀತು. ಆ ಕಣ್ಣು ಇದರಾಗ ಎಲ್ಲಿ ಬಂದಾವ ತೋರಸ್ರಿ" ಎಂದಳು.

ಪಡಸಾಲೆಯಲ್ಲಿದ್ದವರೆಲ್ಲ ನನ್ನ ಮುಖ ನೋಡಿದರು. ಮನೆಗೆ ಬಂದ ಬೀಗರ ಕಡೆಗೆ ಮನೆಯ ಹಿರಿಯಳ ಕಣ್ಣು ಒಮ್ಮೆ ಹೊರಳಿದರೆ ಅದನ್ನು ಅಪ್ಪಣೆ ಎಂದುಕೊಳ್ಳುವವರು ಎಂದುಕೊಳ್ಳಲಿ; ನನ್ನ ಕಣ್ಣಿನ ವಿಷಯದಲ್ಲಿ ತಮ್ಮ ಬಳಿ ಪುರಾವೆಯಿಲ್ಲ, ನನ್ನ ಬಳಿ ಹೇಳಿಕೆಯಿಲ್ಲ. ಆ ಒಂದು ಉಪಕಾರಕ್ಕಾಗಿ ತಮಗೆ ಋಣಿಯಾಗಿರಬೇಕಾಗಿ ಬಂದದ್ದೇ ನನಗೆ ಹೆಚ್ಚು ಸಂಕಟ.

ಅಷ್ಟರಲ್ಲಿ ಈಶ್ವರಿ ಎದ್ದು ಬಂದಳು. "ಸಣ್ಣತ್ತಿ, ನನ್ನ ಉಡಿ ಇನ್ನೊಮ್ಮೆ ತುಂಬ್ರಿ" ಎಂದು ಮಲ್ಲೇಶ್ವರಿಯ ಎದುರು ಸೆರಗೊಡ್ಡಿ ಕುಳಿತಳು. ನಾನು ಅಕ್ಕಿ, ಕುಪ್ಪಸದ ಕಣ, ಕೊಬ್ಬರಿ ಬಟ್ಟಲು ತಂದು ನಾದಿನಿಯ ಕೈಗೆ ಕೊಟ್ಟೆ. ಅವಿನಾಶ ತಮ್ಮನ್ನು ಎತ್ತಿಕೊಂಡು ಮುಂದೆ ಬಂದ. ನಾನು ಅವನ ಕಡೆ ಒಮ್ಮೆ ನೋಡಿದೆ. ಅವನು ಹಿಂದಕ್ಕೆ ಸರಿದ. ಮಲ್ಲೇಶ್ವರಿ ನಗುತ್ತಲೇ ಉಡಿ ತುಂಬಿದಳು, ಊಟ ಮಾಡಿದಳು, ಎರಡು ದಿನ ಇದ್ದಳು.

ಆದ್ದರಿಂದ ತಮ್ಮಲ್ಲಿ ವಿನಂತಿ: ಮುಂದೆ ತೊಟ್ಟಿಲ ಕಾರ್ಯಕ್ಕೆ ತಾವು ಕೂಸನ್ನು, ಬೀಗರನ್ನು, ನಾದಿನಿಯನ್ನು ತಲೆಯೆತ್ತಿ ನೋಡಬೇಕು. ನನ್ನ ಕಡೆ ತಿರುಗುವ ಹೊತ್ತಿಗೆ ಮಾತ್ರ ದಯಮಾಡಿ ತಮ್ಮ ಹಳೆಯ ವಿನಯವನ್ನು ನೆನಪಿಸಿಕೊಳ್ಳಬೇಕು. ಬೇಕಾದರೆ ಅರಿಷಿಣ ಮತ್ತೆ ನಾನೇ ಹಚ್ಚುತ್ತೇನೆ.

ತಮ್ಮನ್ನು ನಂಬಿ ಊರೆಲ್ಲ ಸಾರಿದ, ಈಗಲೂ ತಮ್ಮ ವಿಶ್ವಾಸಿ,
ಈರಮ್ಮ, ಭಾಲ್ಕಿ

ತಾ.ಕ.: ನಾಳೆಯಿಂದ ಮಾಳಿಗೆಯ ಮೇಲೆ ಶಾವಿಗೆ ಒಣಹಾಕುವುದಿದೆ. ಶಾವಿಗೆ ಇಳಿಬಿಡುವ ಕೋಲಿನ ಒಂದು ತುದಿಗೆ ಆಸರೆಯಾಗಿ ತಮ್ಮನ್ನು ನೇಮಿಸಲಾಗಿದೆ. ಇನ್ನೊಂದು ತುದಿಗೆ ಹಳೆಯ ಕುರ್ಚಿಯಿದೆ. ಅದಕ್ಕೆ ಈ ಕೆಲಸದಲ್ಲಿ ಬಹಳ ವರ್ಷದ ಅನುಭವವಿರುವುದರಿಂದ ತಾವು ಅದರ ಕೈಕೆಳಗೆ ದುಡಿಯತಕ್ಕದ್ದು.