ಕಲ್ಲಿನಲ್ಲಿ ಕೂದಲೆಳೆ

ನಾನೊಬ್ಬ ಮಹಾ ಕಲಾರಸಿಕ ಎಂಬುದನ್ನು ಇಡೀ ಜಗತ್ತಿಗೆ, ಅಂದರೆ ನನ್ನ ಹೆಂಡತಿಗೆ, ಸಾಬೀತು ಮಾಡಿಯೇ ತೀರುತ್ತೇನೆಂದು ಶನಿವಾರ ಸಂಜೆ ಕಾಫಿ ಲೋಟ ಹಿಡಿದುಕೊಂಡು ಶಪಥ ಮಾಡಿದೆ. ಲೋಟ ಕೆಳಗಿಟ್ಟು ಮಾಡಿದ್ದರೆ ಇನ್ನೂ ಗಂಭೀರವಾಗಿರುತ್ತಿತ್ತು. ಆದರೆ ಕಾಫಿ ಆರುತ್ತಿತ್ತು!

ಶಪಥದ ಮೂಲ ಒಂದು ಜೇಡ. ನಮ್ಮ ನಡುಮನೆಯ ಛಾವಣಿಯಲ್ಲಿ, ಫ್ಯಾನಿನ ಬುಡದಿಂದ ಗೋಡೆಯ ಮೂಲೆಯವರೆಗೆ ಅದು ತನ್ನ ಸಾಮ್ರಾಜ್ಯ ವಿಸ್ತರಿಸಿಕೊಂಡು ಬಹಳ ಕಾಲವಾಗಿತ್ತು. ಅದನ್ನು ತೆಗೆಯಿರಿ ಎಂದು ನನ್ನವಳು ಹೇಳತೊಡಗಿಯೂ ಅಷ್ಟೇ ಕಾಲವಾಗಿತ್ತು. ನನ್ನ ಉತ್ತರ ಮಾತ್ರ ಒಂದೇ: ಕುತ್ತಿಗೆ ನೋವು. ನಾನು ಕೈಗಡಿಯಾರ ರಿಪೇರಿ ಮಾಡುವವನು. ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಸಣ್ಣ ಚಿಮಟ ಹಿಡಿದು, ಬೆಳಗಿನಿಂದ ಸಂಜೆಯವರೆಗೆ ತಗ್ಗಿಯೇ ಇರುವ ಕುತ್ತಿಗೆಯಿದು. ಮೇಲೆ ನೋಡುವುದು ಇದರ ಜಾಯಮಾನಕ್ಕೇ ಒಗ್ಗುವುದಿಲ್ಲ ಎಂದು ವಾದಿಸುತ್ತಿದ್ದೆ.

"ಕುಣಿಯೋಕೆ ಬರದವಳಿಗೆ ನೆಲ ಡೊಂಕಂತೆ. ನಿಮಗೆ ಕುತ್ತಿಗೆ ನೋವು," ಎನ್ನುತ್ತಿದ್ದಳು ನನ್ನವಳು.

ಆ ಶನಿವಾರ ನನ್ನ ಭಾವಮೈದುನ ಬಂದು, ನಾಳೆ ತನ್ನ ಕಾರಿನಲ್ಲಿ ಒಂದು ಹಳೆಯ ಕಲ್ಲಿನ ದೇವಸ್ಥಾನ ನೋಡಿ ಬರೋಣ ಎಂದ. ನನ್ನವಳಿಗೆ ಖುಷಿಯೋ ಖುಷಿ. ಆದರೆ ತಮ್ಮನ ಮುಂದೆಯೇ ನನ್ನ ಮಾನ ಹರಾಜಿಗಿಟ್ಟಳು. ಎಲ್ಲಿಗೆ ಹೋದರೂ ಇವರು ಮೊದಲು ನೆರಳು ಹುಡುಕುತ್ತಾರೆ, ಆಮೇಲೆ ಕೂರಲು ಕಟ್ಟೆ ಹುಡುಕುತ್ತಾರೆ, ಕೂತ ತಕ್ಷಣ "ಹೊರಡೋಣ" ಎನ್ನುತ್ತಾರೆ, ಇವರ ಜೊತೆ ಹೋಗಿ ನಾನು ಇದುವರೆಗೆ ಒಂದು ಶಿಲ್ಪವನ್ನೂ ಪೂರ್ತಿ ನೋಡಿಲ್ಲ ಎಂದಳು.

ನನಗೆ ರೇಗಿತು. "ಸೂಕ್ಷ್ಮ ಕೆಲಸದ ಬೆಲೆ ನನಗೆ ಗೊತ್ತಿಲ್ದೆ ಇನ್ಯಾರಿಗೆ ಗೊತ್ತು? ನಾಳೆ ನೋಡು. ನೀನೇ ಸಾಕಾಗಿ 'ಹೊರಡೋಣ' ಅನ್ಬೇಕು, ಹಾಗೆ ನೋಡ್ತೀನಿ."

"ನೀವೇ ಮೊದಲು ಅಂದ್ರೆ?"

"ಅಂದ್ರೆ ಮನೆಯ ಜೇಡರ ಬಲೆ ಎಲ್ಲಾ ನಾನೇ ತೆಗೀತೀನಿ. ಅಟ್ಟದ್ದೂ ಸೇರಿಸಿ. ನೀನು ಮೊದಲು ಅಂದ್ರೆ ಈ ಜನ್ಮದಲ್ಲಿ ಜೇಡನ ಸುದ್ದಿ ಎತ್ತಬಾರದು."

ಭಾವಮೈದುನ ಸಾಕ್ಷಿಯಾದ. ಪಂದ್ಯ ಕಟ್ಟಿಯಾಯಿತು. ಮನೆಯ ಶಾಂತಿ, ನನ್ನ ಭಾನುವಾರಗಳು, ಆ ಜೇಡನ ಪ್ರಾಣ, ಮೂರೂ ಈಗ ನನ್ನ ನಾಲಿಗೆಯ ತುದಿಯಲ್ಲಿ ನಿಂತಿದ್ದವು.

ಮರುದಿನ ಭೂತಗನ್ನಡಿಯನ್ನು ಜೇಬಿಗೆ ಹಾಕಿಕೊಂಡೇ ಹೊರಟೆ. ನಗಬೇಡಿ. ದೇವಸ್ಥಾನದ ಹೊರಗೋಡೆಯ ಮುಂದೆ ಅದನ್ನು ಕಣ್ಣಿಗೆ ಸಿಕ್ಕಿಸಿಕೊಂಡಾಗ ನಾನು ನಿಜವಾಗಿಯೂ ಬೆರಗಾದೆ. ಒಬ್ಬ ನರ್ತಕಿಯ ಬೆರಳಲ್ಲಿ ಉಂಗುರ, ಉಂಗುರದಲ್ಲಿ ಹರಳು! ನನ್ನ ಚಿಮಟದ ತುದಿಯೂ ಹೋಗದ ಜಾಗಕ್ಕೆ ಆ ಪುಣ್ಯಾತ್ಮನ ಉಳಿ ಹೋಗಿ ಬಂದಿತ್ತು. ನಾನು ಗಡಿಯಾರ ಬಿಚ್ಚಿ ಜೋಡಿಸುವಾಗ ಒಂದು ಸ್ಕ್ರೂ ಉಳಿದುಬಿಟ್ಟರೆ ಗಿರಾಕಿ ಕಾಣದಂತೆ ಜೇಬಿಗೆ ಹಾಕಿಕೊಳ್ಳುತ್ತೇನೆ. ಈ ಶಿಲ್ಪಿಗಳು ಏಟು ತಪ್ಪಿದರೆ ಚೂರನ್ನು ಎಲ್ಲಿಗೆ ಹಾಕಿಕೊಳ್ಳಬೇಕಿತ್ತು? ಪಂದ್ಯ ಮರೆತೇಹೋಯಿತು. ನಾನು ಸುಮ್ಮನೆ ಕೈಮುಗಿದೆ.

ಒಳಗೆ ಹೋದರೆ ಮಂಟಪದ ಛಾವಣಿ! ಕಂಬಗಳ ಮೇಲೆ ಎಂಟು ಮೂಲೆ, ಅದರೊಳಗೆ ವೃತ್ತ, ಅದರೊಳಗೆ ದಳದ ಮೇಲೆ ದಳ, ನಟ್ಟನಡುವೆ ತಲೆಕೆಳಗಾಗಿ ಇಳಿಬಿದ್ದ ಕಮಲದ ಮೊಗ್ಗು. ಅಷ್ಟು ಭಾರದ ಕಲ್ಲು ಬೀಳದೆ ನಿಂತಿದ್ದೇ ಒಂದು ಸೋಜಿಗ, ಅರಳುವ ಹಾಗೆ ನಿಂತಿದ್ದು ಇನ್ನೊಂದು. ತಲೆ ಎತ್ತಿ ನಿಂತವನು ನಿಂತೇಬಿಟ್ಟೆ. ಎಷ್ಟು ಹೊತ್ತೋ ಗೊತ್ತಿಲ್ಲ.

ಒಂದು ಕಣ್ಣಿಗೆ ಗಾಜು ಸಿಕ್ಕಿಸಿಕೊಂಡು ಅಲುಗಾಡದೆ ಮೇಲೆ ನೋಡುವವನನ್ನು ಕಂಡರೆ ಜನ ಏನೆಂದುಕೊಳ್ಳುತ್ತಾರೆ? ಯಾರೋ ದೊಡ್ಡ ಪಂಡಿತ ಎಂದುಕೊಂಡರು. ಒಬ್ಬರು ನಿಂತರು, ಅವರನ್ನು ನೋಡಿ ಒಂದು ಸಂಸಾರ ನಿಂತಿತು, ಕಡೆಗೆ ಪ್ರವಾಸದ ಬಸ್ಸಿನವರೆಲ್ಲ ನನ್ನ ಸುತ್ತ ನೆರೆದರು. ಏನು ವಿಶೇಷ ಸಾರ್ ಎಂದು ಯಾರೋ ಕೇಳಿದರು. ಕೇಳಬಾರದಿತ್ತು. ನನ್ನವಳು ಕಂಬಕ್ಕೊರಗಿ ನೋಡುತ್ತಿದ್ದಳು, ನನಗೂ ಹುರುಪು ಬಂತು.

"ಆ ಮೊಗ್ಗಿನಿಂದ ಪಕ್ಕದ ದಳಕ್ಕೆ ಒಂದು ಎಳೆ ಹೋಗಿದೆ, ಕಾಣ್ತಾ?" ಎಂದೆ. "ಕಲ್ಲಿನಲ್ಲಿ ಕೂದಲೆಳೆ! ಇದನ್ನ ಕೆತ್ತೋಕೆ ಒಬ್ಬ ಶಿಲ್ಪಿಯ ಇಡೀ ಆಯಸ್ಸು ಬೇಕು. ಉಸಿರು ಬಿಗಿ ಹಿಡಿದು ಕೆತ್ತಿದಾನೆ. ಜಗತ್ತಿನಲ್ಲಿ ಇನ್ನೆಲ್ಲೂ ಇಂಥದ್ದು ಸಿಗಲ್ಲ."

ಅಷ್ಟೂ ಜನ "ಆಹಾ" ಎಂದರು. ಒಬ್ಬ ಹಿರಿಯರಂತೂ ಕಣ್ಣೊರೆಸಿಕೊಂಡರು. ನಾನು ಮನಸ್ಸಿನಲ್ಲೇ ಮೀಸೆ ತಿರುವಿದೆ.

ಆಗ ಗುಂಪನ್ನು ಸರಿಸಿಕೊಂಡು ದೇವಸ್ಥಾನದ ಕಾವಲುಗಾರ ಬಂದ. ಅವನ ಕೈಯಲ್ಲಿ ಉದ್ದನೆಯ ಬಿದಿರು, ಬಿದಿರಿನ ತುದಿಗೆ ಮೆತ್ತನೆಯ ಪೊರಕೆ. ಸ್ವಲ್ಪ ಸರೀರಿ ಸಾರ್ ಎಂದವನೇ ಒಮ್ಮೆ ಬೀಸಿದ. ಶಿಲ್ಪಿಯ ಇಡೀ ಆಯಸ್ಸು ಪೊರಕೆಗೆ ಅಂಟಿಕೊಂಡು ಕೆಳಗಿಳಿಯಿತು.

"ಎಷ್ಟು ತೆಗೆದರೂ ಅಷ್ಟೇ. ನಿನ್ನೆ ತೆಗ್ದಿದ್ದೆ, ಇವತ್ತಾಗ್ಲೇ ಮತ್ತೆ ಕಟ್ಟಿದೆ," ಎಂದ ಅವನು.

ಮಂಟಪದಲ್ಲಿ ಎದ್ದ ನಗುವಿಗೆ ಆ ಕಮಲದ ಮೊಗ್ಗು ಕಳಚಿ ಬೀಳದಿದ್ದದ್ದೇ ಪುಣ್ಯ! ಕಣ್ಣೊರೆಸಿಕೊಂಡಿದ್ದ ಹಿರಿಯರು ಈಗ ಬೇರೆ ಕಾರಣಕ್ಕೆ ಕಣ್ಣೊರೆಸಿಕೊಳ್ಳುತ್ತಿದ್ದರು. ನಾನು ಇಂಗು ತಿಂದ ಮಂಗನಂತಾಗಿ, ನಾಚಿಕೆಯಿಂದ ತಲೆ ತಗ್ಗಿಸಲು ಹೋದೆ.

ತಲೆ ತಗ್ಗಲಿಲ್ಲ.

ಮತ್ತೆ ಪ್ರಯತ್ನಿಸಿದೆ. ಕತ್ತಿನ ಹಿಂದೆ ಏನೋ ಕಟಕ್ಕೆಂದು ಸಿಕ್ಕಿಕೊಂಡಿತ್ತು. ಮೇಲೆ ನೋಡುತ್ತಿದ್ದರೆ ಹಾಯಾಗಿತ್ತು, ಕೆಳಗಿಳಿಸಹೋದರೆ ಪ್ರಾಣ ಹೋಗುತ್ತಿತ್ತು. ತಲೆ ಎತ್ತಿ ಬಾಳಬೇಕು ಕಣೋ ಎಂದು ನಮ್ಮಪ್ಪ ಸದಾ ಹೇಳುತ್ತಿದ್ದರು. ಅವರ ಆಸೆ ಹೀಗೆ ನೆರವೇರುತ್ತದೆಂದು ಅವರೂ ಎಣಿಸಿರಲಿಲ್ಲ.

"ಇಷ್ಟಾದ್ಮೇಲೂ ತಲೆ ಎತ್ಕೊಂಡೇ ನಿಂತಿದ್ದೀರಲ್ಲ, ಮೆಚ್ಚಬೇಕು ನಿಮ್ಮನ್ನ," ಎಂದು ಹತ್ತಿರ ಬಂದ ನನ್ನವಳು ಪಿಸುಗುಟ್ಟಿದಳು. ಆಮೇಲೆ ಕಾವಲುಗಾರನತ್ತ ತಿರುಗಿ, ದಿನಾ ಹೀಗೆ ಮೇಲೆ ನೋಡಿ ಬಲೆ ತೆಗೆದರೆ ಕುತ್ತಿಗೆ ನೋಯುವುದಿಲ್ಲವೇ ಎಂದು ಬಹಳ ಕಾಳಜಿಯಿಂದ ವಿಚಾರಿಸಿದಳು. ಅಭ್ಯಾಸ ಆದರೆ ಏನೂ ಇಲ್ಲಮ್ಮ ಎಂದುಬಿಟ್ಟ ಆ ಮಹರಾಯ. ಅವಳು ನನ್ನ ಕಡೆ ನೋಡಿದ್ದು ನನಗೆ ಕಾಣಲಿಲ್ಲ, ಆದರೆ ಚುಚ್ಚಿತು.

ಕುತ್ತಿಗೆ ಹಿಡಿದುಕೊಂಡಿದೆ ಎಂದು ನಿಜ ಹೇಳಿದರೆ ಕಾರಿಗೆ ಹೋಗಬೇಕು. ಕಾರಿಗೆ ಹೋಗಬೇಕೆಂದರೆ "ಹೊರಡೋಣ" ಎನ್ನಬೇಕು. ಎಂದರೆ ಪಂದ್ಯ ಹೋಯಿತು! ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವ ಜಾತಿ ನಮ್ಮದು. ಮುಖವನ್ನು ಆಕಾಶಕ್ಕೆ ಕೊಟ್ಟು, ಕಾಲಿನಿಂದ ನೆಲ ತಡವಿಕೊಂಡು ಅವಳ ಹಿಂದೆಯೇ ಹೊರಗೆ ನಡೆದೆ. ದಾರಿಯಲ್ಲಿ ಒಂದು ಕಂಬಕ್ಕೆ ಡಿಕ್ಕಿ ಹೊಡೆದು ಕ್ಷಮಿಸಿ ಎಂದೆ.

ಹೊರಗೆ ಬಂದ ಮೇಲೂ ಮೇಲೆಯೇ ನೋಡುತ್ತಿದ್ದವನನ್ನು ಏನು ನೋಡುತ್ತಿದ್ದೀರಿ ಎಂದು ಕೇಳಿದಳು. ಶಿಖರ ಎಂದೆ. ಶಿಖರ ನಮ್ಮ ಬೆನ್ನ ಹಿಂದಿತ್ತು. ಅಲ್ಲಿಗೆ ಅವಳಿಗೆ ಎಲ್ಲ ತಿಳಿದುಹೋಯಿತೆಂದು ಈಗ ನನಗನಿಸುತ್ತದೆ. ಏಕೆಂದರೆ ಆಮೇಲೆ ಅವಳು ತೋರಿಸಿದ್ದೆಲ್ಲ ಗೋಡೆಯ ಬುಡದ ಶಿಲ್ಪಗಳನ್ನೇ!

"ರೀ, ಈ ಕೆಳಗಿನ ಸಾಲು ನೋಡಿ. ಹೇಗಿದೆ?"

"ಆನೆ ತಾನೆ? ಸೊಂಡಿಲು ಬಹಳ ಚೆನ್ನಾಗಿದೆ," ಎಂದೆ, ಹಾರುತ್ತಿದ್ದ ಹದ್ದನ್ನು ನೋಡುತ್ತ.

"ಅದು ಹಂಸ."

ಹಂಸದ ನಂತರ ಕುದುರೆಯ ಗೊರಸು ತೋರಿಸಿದಳು. ಗೊರಸಿನ ನಂತರ ಬಳ್ಳಿಯ ಬೇರು. ಒಂದೊಂದರ ಮುಂದೂ ಕುಕ್ಕರುಗಾಲಲ್ಲಿ ಕೂತು, ಇದನ್ನು ನಿಮ್ಮ ಗಾಜಿನಲ್ಲಿ ನೋಡಬೇಕು ಕಣ್ರೀ ಎಂದು ರಾಗವಾಗಿ ಹೇಳುವಳು. ಬಿಸಿಲು ನೇರವಾಗಿ ನನ್ನ ಮೂಗಿನ ಹೊಳ್ಳೆಗೇ ಇಳಿಯುತ್ತಿತ್ತು. ಭಾವಮೈದುನ ಬಾಯಿಗೆ ಕರವಸ್ತ್ರ ಒತ್ತಿಕೊಂಡು ಕೆಮ್ಮುತ್ತಿದ್ದ. ಇನ್ನು ಹಿಂದಿನ ಗೋಡೆಯ ಬುಡ ಪೂರ್ತಿ ಬಾಕಿ ಇದೆ ಎಂದು ಅವಳು ಎದ್ದಾಗ ನನ್ನ ಪೌರುಷ ಮುಗಿಯಿತು.

"ಹೊರಡೋಣ," ಎಂದೆ.

"ಏನಂದ್ರಿ? ಕೇಳಿಸ್ಲಿಲ್ಲ."

"ಹೊರಡೋಣ ಮಾರಾಯ್ತಿ. ಕುತ್ತಿಗೆ ಹಿಡ್ಕೊಂಡಿದೆ."

ಆಮೇಲೆ ಅವಳು ನಗಲಿಲ್ಲ, ಅದನ್ನು ಹೇಳಲೇಬೇಕು. ಕೈ ಹಿಡಿದು ಮೆಟ್ಟಿಲಿಳಿಸಿದಳು, ನೀರು ಕುಡಿಸಿದಳು. ನನಗೆ ಅವಳ ಮೇಲೆ ಪ್ರೀತಿ ಉಕ್ಕಿ ಬಂತು. ಕಾರಿನಲ್ಲಿ ಭಾವಮೈದುನ ಸೀಟನ್ನು ಹಿಂದಕ್ಕೆ ಮಲಗಿಸಿ, ಭಾವ, ಕಾರಿನ ಸೀಲಿಂಗ್ ಹೇಗಿದೆ ನೋಡಿ ಹೇಳಿ ಎಂದಾಗಲೂ ಅವಳೇ ಅವನನ್ನು ಗದರಿದಳು.

ಮನೆಗೆ ಬಂದ ಮೇಲೆ ಎದುರುಮನೆಯ ಡಾಕ್ಟರನ್ನು ಕರೆತಂದಳು. ಅವರು ಅಲ್ಲಿ ಇಲ್ಲಿ ಒತ್ತಿ, ಎಲ್ಲಿ ನೋವು ಎಂದು ಕೇಳಿದರು. ಡಾಕ್ಟರ ಮುಂದೆ ಸುಳ್ಳು ಹೇಳಬಾರದಲ್ಲವೇ?

"ಮೇಲೆ ನೋಡ್ತಿದ್ರೆ ಒಂದಿಷ್ಟೂ ನೋವಿಲ್ಲ ಡಾಕ್ಟ್ರೇ. ಎಷ್ಟು ಹೊತ್ತು ಬೇಕಾದ್ರೂ ನೋಡ್ತೀನಿ. ಕೆಳಗಿಳಿಸಿದ್ರೇನೇ ನೋವು," ಎಂದೆ.

ಸ್ನಾಯು ಹಿಡಿದುಕೊಂಡಿದೆ, ಬಲವಂತವಾಗಿ ಇಳಿಸಬೇಡಿ, ಬಿಸಿ ಶಾಖ ಕೊಡಿ, ನಾಳೆಯ ಹೊತ್ತಿಗೆ ತಾನಾಗಿಯೇ ಇಳಿಯುತ್ತದೆ ಎಂದು ಹೇಳಿ ಅವರು ಹೋದರು. ನನ್ನವಳು ಶಾಖ ಕೊಟ್ಟಳು. ನಾನು ನಡುಮನೆಯ ಕುರ್ಚಿಯಲ್ಲಿ ಕೂತು, ಮದುವೆಯಾದ ಮೇಲೆ ಮೊದಲ ಬಾರಿಗೆ ನಮ್ಮ ಮನೆಯ ಛಾವಣಿಯನ್ನು ಸಾವಕಾಶವಾಗಿ ನೋಡಿದೆ. ಅಬ್ಬಬ್ಬಾ! ಫ್ಯಾನಿನ ಸುತ್ತ ಬಲೆಯದೇ ದಳದ ಮೇಲೆ ದಳ, ನಡುವೆ ಇಳಿಬಿದ್ದ ಮೊಗ್ಗು. ಇವಳು ಇಷ್ಟು ದಿನ ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

ಅಷ್ಟರಲ್ಲಿ ಕೈಗೆ ಏನೋ ಉದ್ದನೆಯದು ತಗುಲಿತು. ತಡವಿ ನೋಡಿದೆ. ಕೋಲು. ಕೋಲಿನ ತುದಿಗೆ ಪೊರಕೆ.

"ಡಾಕ್ಟ್ರು ಕುತ್ತಿಗೆ ಇಳಿಸ್ಬೇಡಿ ಅಂದಿದಾರಲ್ಲೇ," ಎಂದು ನರಳಿದೆ.

"ಇಳಿಸಿ ಅಂತ ಯಾರಂದ್ರು? ಅದು ಹಾಗೇ ಇರ್ಲಿ. ಕೈ ಮಾತ್ರ ಆಡಿಸಿ," ಎಂದಳು ನನ್ನವಳು, ಸೆರಗಿನಿಂದ ಭೂತಗನ್ನಡಿ ಒರೆಸಿ ನನ್ನ ಕಣ್ಣಿಗೆ ತಾನೇ ಸಿಕ್ಕಿಸುತ್ತ. "ಬೇಗ ಬೇಗ ಆಗ್ಲಿ ರೀ, ಅಟ್ಟ ಬೇರೆ ಇದೆ. ನಾಳೆ ಕುತ್ತಿಗೆ ಸರಿಹೋಗಿಬಿಟ್ರೆ, ನಿಮಗೆ ಮತ್ತೆ ನೋವು ಶುರುವಾಗುತ್ತೆ."