ಜೋಳಿಗೆಗೆ ಬಿದ್ದ ಸಿಗರೇಟು ಪ್ಯಾಕು

ಸಿಗರೇಟು ಬಿಡುವುದು ಮಹಾ ಕಷ್ಟವೆಂದು ಯಾರಾದರೂ ಹೇಳಿದರೆ ನನಗೆ ನಗು ಬರುತ್ತಿತ್ತು. ಮನಸ್ಸು ಮಾಡಿದರೆ ಸಾಕು ಎಂಬುದು ನನ್ನ ಖಚಿತ ಅಭಿಪ್ರಾಯ. ಮನಸ್ಸು ಮಾಡಿರಲಿಲ್ಲ, ಅಷ್ಟೆ!

ಮನಸ್ಸು ಮಾಡಿಸಿದವರು ನಮ್ಮ ಅರಸೀಕೆರೆಯ ಡಾಕ್ಟರು. ನನ್ನದು ಕೊಬ್ಬರಿ ವ್ಯಾಪಾರ. ಕಾಯಿ ಒಣಗುವ ಅಟ್ಟಕ್ಕೆ ಏಣಿ ಹತ್ತುವಾಗ ಅರ್ಧದಲ್ಲೇ ಏದುಸಿರು ಬಂದು, ಮೇಲಕ್ಕೂ ಹೋಗಲಾರದೆ ಕೆಳಕ್ಕೂ ಇಳಿಯಲಾರದೆ ತ್ರಿಶಂಕುವಾಗುತ್ತಿದ್ದೆ. ಬೆಳಗಿನ ನನ್ನ ಕೆಮ್ಮಿಗೆ ಪಕ್ಕದ ಮನೆಯ ಪಂಚಾಕ್ಷರಿಯ ನಾಯಿ ಬೊಗಳುತ್ತಿತ್ತು. ಹೆಂಡತಿ ಗಿರಿಜೆ ಮಾಡಿದ ಸಾರಿಗೆ ಉಪ್ಪು ಸಾಲದೆಂದು ನಾನು, ನನ್ನ ನಾಲಿಗೆಯೇ ಸತ್ತಿದೆಯೆಂದು ಅವಳು. ಕೊನೆಗೆ ಎಕ್ಸ್‌ರೇ ತೆಗೆಸಿದ್ದಾಯಿತು.

"ಶ್ವಾಸಕೋಶ ಪೂರ್ತಿ ಕೆಟ್ಟಿಲ್ಲ ಯಜಮಾನ್ರೇ. ಈಗ ಬಿಟ್ರೆ ಉಳ್ಕೊಳ್ತದೆ. ಆಮೇಲೆ ಬಿಡ್ತೀನಿ ಅಂದ್ರೆ ನನ್ನ ಕೈಲೇನೂ ಇಲ್ಲ" ಎಂದರು ಡಾಕ್ಟರು.

ಮನೆ ಸೇರುವವರೆಗೂ ಗಿರಿಜೆ ಮಾತಾಡಲಿಲ್ಲ. ಮದುವೆಯಾದ ಮೇಲೆ ಅವಳು ಅಷ್ಟು ಹೊತ್ತು ಸುಮ್ಮನಿದ್ದದ್ದು ಅದೇ ಮೊದಲು. ನನಗೆ ನಿಜವಾಗಿಯೂ ಹೆದರಿಕೆಯಾಯಿತು.

ಅದೇ ವಾರ ಮಠದ ಬುದ್ಧಿಯವರು ನಮ್ಮ ಬೀದಿಗೆ ಜೋಳಿಗೆ ಹಿಡಿದು ಬರುವವರಿದ್ದರು. ಅಕ್ಕಿ ಬೇಡ, ಕಾಣಿಕೆ ಬೇಡ, ನಿಮ್ಮ ದುಶ್ಚಟಗಳನ್ನು ಭಿಕ್ಷೆ ಹಾಕಿ ಎಂದು ಅವರ ಅಪ್ಪಣೆ. ಬೀಡಿಯವನು ಬೀಡಿಕಟ್ಟು, ಹೊಗೆಸೊಪ್ಪಿನವನು ಹೊಗೆಸೊಪ್ಪು ಹಾಕಿ ಕೈಮುಗಿದನೆಂದರೆ ಮುಗಿಯಿತು, ಮತ್ತೆ ಅದನ್ನು ಮುಟ್ಟುವಂತಿಲ್ಲ. ಸ್ವಾಗತ ಭಾಷಣ ನನ್ನ ಪಾಲಿಗೆ ಬಂತು. ಬೀದಿಯಲ್ಲಿ ಎಲ್ಲರಿಗಿಂತ ಹೆಚ್ಚು ಸೇದುವವನೇ ಹೊಗೆಯ ಕೆಡುಕನ್ನು ಹೇಳಿದರೆ ಮಾತಿಗೆ ತೂಕ ಬರುತ್ತದೆಂದು ಪಂಚಾಕ್ಷರಿಯ ವಾದ.

ನಾನೂ ಬಿಡಲಿಲ್ಲ. "ಬಂಧುಗಳೇ, ಹೊಗೆ ಬಾಯಿಂದ ಹೋಗಿ ಮೂಗಿನಿಂದ ಬಂದುಬಿಡುತ್ತದೆ ಎಂದು ಭ್ರಮಿಸಬೇಡಿ. ನಡುದಾರಿಯಲ್ಲಿ ಅದು ಶ್ವಾಸಕೋಶಕ್ಕೆ ಮಸಿ ಬಳಿಯುತ್ತದೆ, ರಕ್ತನಾಳಗಳನ್ನು ಕಿರಿದು ಮಾಡುತ್ತದೆ, ಬಡಪಾಯಿ ಹೃದಯದ ಕೈಯಲ್ಲಿ ಎರಡಾಳಿನ ಕೆಲಸ ಮಾಡಿಸುತ್ತದೆ" ಎಂದು ಡಾಕ್ಟರು ಹೇಳಿದ್ದನ್ನೆಲ್ಲ ಒಪ್ಪಿಸಿದೆ. ಹೆಂಗಸರು ಕಣ್ಣೊರೆಸಿಕೊಂಡರು. ನನಗೇ ನನ್ನ ಮೇಲೆ ಗೌರವ ಬಂತು.

ಈಗ ನನ್ನ ಗುಟ್ಟಿನ ಯೋಜನೆ. ಮೊದಲು ಬೇರೆಯವರು ಹಾಕಲಿ, ಆ ನೂಕುನುಗ್ಗಲಿನಲ್ಲಿ ನಾನೂ ಒಂದು ಖಾಲಿ ಪ್ಯಾಕು ಹಾಕುವುದು, ಆಮೇಲೆ ನಿಧಾನವಾಗಿ ಕಡಿಮೆ ಮಾಡುತ್ತ ಬರುವುದು. ಆದರೆ ಒಬ್ಬನಾದರೂ ಮುಂದೆ ಬರಬೇಕಲ್ಲ! ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಬುದ್ಧಿಯವರು ಜೋಳಿಗೆಯನ್ನು ನನ್ನ ಮುಂದೆಯೇ ಹಿಡಿದರು. ಗಡಿಬಿಡಿಯಲ್ಲಿ ಕೈಗೆ ಸಿಕ್ಕಿದ್ದು ಬೆಳಿಗ್ಗೆಯಷ್ಟೇ ತಂದಿದ್ದ ತುಂಬಿದ ಪ್ಯಾಕು.

"ಮನಸಾರೆ ಹಾಕಿದೆಯೇನಪ್ಪ?" ಎಂದರು ಬುದ್ಧಿಯವರು.

"ಹೂಂ ಬುದ್ಧಿ" ಎಂದೆ. ಹಿಂತಿರುಗಿ ನೋಡಿದರೆ ಪಂಚಾಕ್ಷರಿ ಮತ್ತವನ ಬೀಡಿ ಬಳಗವೆಲ್ಲ ಮಾಯ! ಅವನ ಮಗಳು ಮಾತ್ರ ನಿಂತು ಎಲ್ಲವನ್ನೂ ಮೊಬೈಲಿನಲ್ಲಿ ವಿಡಿಯೋ ಮಾಡಿಕೊಳ್ಳುತ್ತಿದ್ದಳು.

ಮರುದಿನ ಕಾಫಿ ಕುಡಿದೊಡನೆ ಕಾಲುಗಳು ತಾವಾಗಿ ರುದ್ರಣ್ಣನ ಪೆಟ್ಟಿಗೆ ಅಂಗಡಿಗೆ ಹೋದವು. ರುದ್ರಣ್ಣ ಕೈಮುಗಿದು ಒಂದು ಪೆಪ್ಪರ್‌ಮೆಂಟು ಕೊಟ್ಟ.

"ಒಂದೇ ಒಂದು ಕಣೋ ರುದ್ರ" ಎಂದೆ.

"ಬುದ್ಧಿಯೋರ ಜೋಳಿಗೆಗೆ ಹಾಕಿದ್ದನ್ನ ನಾನು ಹೆಂಗಣ್ಣ ಮಾರ್ಲಿ? ಸೇದೋನು ನೀನು, ಪಾಪ ನನ್ ಮಕ್ಕಳಿಗೆ ಸುತ್ಕಂತದೆ."

ಆ ವಿಡಿಯೋ ಮೊಬೈಲಿನಿಂದ ಮೊಬೈಲಿಗೆ ಹರಡಿ ಇಡೀ ಅರಸೀಕೆರೆ ಹೀಗೇ ಆಯಿತು. ಯಾವ ಅಂಗಡಿಗೆ ಹೋದರೂ ಸನ್ಮಾನ, ಪೆಪ್ಪರ್‌ಮೆಂಟು. ಕಾಯಿ ನೋಡುವ ನೆಪದಲ್ಲಿ ಹಾರನಹಳ್ಳಿಗೆ ಹೋದೆ. ಅಲ್ಲಿನ ಅಂಗಡಿಯ ಅಜ್ಜಿ ನನ್ನ ಮುಖವನ್ನೂ ಮೊಬೈಲನ್ನೂ ಹೋಲಿಸಿ ನೋಡಿದಳು.

"ಭಾಷಣ ಮಾಡಿದ್ದು ನೀವೇ ಅಲ್ವ್ರಾ? ನನ್ ಮಗ ಒಳಗವ್ನೆ. ಬಾಳ ಸೇದ್ತಾನೆ. ಅವನಿಗೂ ಒಸಿ ಹೇಳಿ ಸ್ವಾಮಿ."

ಸಿಗರೇಟು ಕೊಳ್ಳಲು ಹೋದವನು ಶ್ವಾಸಕೋಶ, ರಕ್ತನಾಳ, ಬಡಪಾಯಿ ಹೃದಯ ಎಲ್ಲವನ್ನೂ ಮೊದಲಿನಿಂದ ಹೇಳಬೇಕಾಯಿತು. ಆತ ಅಲ್ಲೇ ಬೀಡಿ ಎಸೆದ. ಎಸೆದ ಬೀಡಿಯನ್ನು ನಾನು ನೋಡಿದ ನೋಟವನ್ನು ಯಾರೂ ವಿಡಿಯೋ ಮಾಡಲಿಲ್ಲ, ಸದ್ಯ.

ಹೀಗೇ ವಾರಗಳು ಕಳೆದವು. ಸಿಡುಕಿದೆ, ನಿದ್ದೆಗೆಟ್ಟೆ, ಕಡಲೆಬೀಜ ತಿಂದು ತಿಂದು ದಪ್ಪಗಾದೆ. ಕೊನೆಗೊಂದು ಬೆಳಿಗ್ಗೆ, ಬೇಲೂರು ಕಡೆ ತೋಟ ನೋಡಿ ಬರುತ್ತೇನೆಂದು ಗಿರಿಜೆಗೆ ಹೇಳಿ ಹಳೇಬೀಡಿನ ಬಸ್ಸು ಹತ್ತಿದೆ. ಮುಖಕ್ಕೆ ಮಾಸ್ಕು, ತಲೆಗೆ ಟವಲು. ಎಲ್ಲೆಲ್ಲಿಂದಲೋ ಪ್ರವಾಸಿಗರು ಬರುವ ಊರಿನಲ್ಲಿ ನನ್ನನ್ನು ಯಾರು ಕೇಳುತ್ತಾರೆ? ಒಂದು ಪ್ಯಾಕು ಸಿಗರೇಟು ಸಿಕ್ಕೇಬಿಟ್ಟಿತು! ಕೆರೆಯ ಬಳಿ ಹೋಗಿ ಕೂತ ಮೇಲೆ ನೆನಪಾಯಿತು, ಬೆಂಕಿಪೊಟ್ಟಣವಿಲ್ಲ.

ಪಕ್ಕದಲ್ಲೇ ಜೋಳ ಸುಡುತ್ತಿದ್ದ ಹೆಂಗಸಿನ ಕೆಂಡಕ್ಕೆ ಸಿಗರೇಟು ಮುಟ್ಟಿಸಿ, ಅಷ್ಟೂ ವಾರಗಳ ಬಾಕಿಯನ್ನು ಒಂದೇ ಉಸಿರಿಗೆ ಎಳೆದೆ.

ಭೂಮಿ ಗಿರ್ರನೆ ತಿರುಗಿತು. ಕೆಮ್ಮು ನಿಲ್ಲಲೊಲ್ಲದು. ಮೈಯೆಲ್ಲ ಬೆವರು, ಎದೆ ಡವಡವ, ಹೊಟ್ಟೆಯೊಳಗಿನ ಇಡ್ಲಿ ಕೆರೆಯ ಪಾಲು. ಡಾಕ್ಟರು ಹೇಳಿದ ದಿನ ಬಂದೇಬಿಟ್ಟಿತೆಂದುಕೊಂಡೆ. "ಗಿರಿಜಾ" ಎಂದು ಕೂಗಿ ಜೋಳದ ರಾಶಿಯ ಮೇಲೆ ಒರಗಿದೆ.

"ಅಯ್ಯೋ ಶಿವನೇ, ಯಾರಾದ್ರೂ ಬನ್ರಪ್ಪ" ಎಂದು ಆ ಹೆಂಗಸು ಜನ ಕೂಡಿಸಿದಳು. ಅವರು ನನ್ನನ್ನು ಆಟೋಗೆ ಹಾಕಿ ಆಸ್ಪತ್ರೆಗೆ ಸೇರಿಸಿ, ನನ್ನದೇ ಮೊಬೈಲಿನಿಂದ ಗಿರಿಜೆಗೆ ಸುದ್ದಿ ಮುಟ್ಟಿಸಿದರು. ಎದೆಗೆ ವೈರು ಅಂಟಿಸಿಕೊಂಡು ಮಲಗಿದ್ದಾಗ, ಬದುಕಿ ಉಳಿದರೆ ಸಾರಿಗೆ ಉಪ್ಪು ಕೇಳುವುದಿಲ್ಲವೆಂದು ದೇವರಿಗೆ ಮಾತು ಕೊಟ್ಟೆ.

ಪಂಚಾಕ್ಷರಿಯ ಕಾರಿನಲ್ಲಿ ಗಿರಿಜೆ ಅಳುತ್ತಲೇ ಬಂದಿಳಿದಳು. ಅಷ್ಟರಲ್ಲಿ ಆಸ್ಪತ್ರೆಯ ಡಾಕ್ಟರಮ್ಮ ಇಸಿಜಿ ಹಾಳೆಯನ್ನು ನೋಡಿ ಮುಗಿಸಿದ್ದರು.

"ಹಾರ್ಟ್ ಚೆನ್ನಾಗಿದೆ. ಎದೇಲಿ ಗೊರಗೊರ ಕೂಡ ಇಲ್ಲ. ಸೇದಿ ಬಹಳ ದಿನ ಆಗಿತ್ತಲ್ವಾ? ಅದಕ್ಕೇ ತಡ್ಕೊಳ್ಳೋಕೆ ಆಗಿಲ್ಲ. ನಿಮ್ಮ ದೇಹ ಸಿಗರೇಟು ಬಿಟ್ಟಾಗಿದೆ ಸರ್. ಇನ್ನು ಬಿಡಬೇಕಾಗಿರೋದು ನೀವೊಬ್ರೇ."

ಎದೆಯ ಮೇಲಿನ ಚಪ್ಪಡಿ ಎತ್ತಿಟ್ಟ ಹಾಗಾಯಿತು. ಅಳು ಬಂತು, ಅತ್ತೆ. ಗಿರಿಜೆಯೂ ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು ಕೇಳಿದಳು:

"ಒಂದು ಸಿಗರೇಟಿಗೋಸ್ಕರ ಹಳೇಬೀಡಿಗೆ ಬಂದ್ರಾ? ಮದುವೆ ಆದಾಗಿಂದ ಕೇಳ್ತಾ ಇದೀನಿ, ದೇವಸ್ಥಾನ ತೋರ್ಸಿ ಅಂತ. ಒಂದು ದಿನ ಪುರುಸೊತ್ತಾಗ್ಲಿಲ್ಲ ನಿಮಗೆ."

ಉಳಿದ ಸಿಗರೇಟನ್ನೆಲ್ಲ ಆಸ್ಪತ್ರೆಯ ಕಸದ ಬುಟ್ಟಿಗೆ ಹಾಕಿ, ನಾನಾಗಿಯೇ ಅವಳನ್ನು ದೇವಸ್ಥಾನಕ್ಕೆ ಕರೆದುಕೊಂಡು ಹೋದೆ. ಗೋಡೆಯ ಆನೆ ಕುದುರೆಗಳನ್ನು ನೋಡುತ್ತ ಅವಳು ಸರಸರ ನಡೆದಳು. ನಾನೂ ಹಿಂದೆಯೇ ನಡೆದೆ. ಒಂದು ಸುತ್ತು ಮುಗಿದರೂ ಏದುಸಿರಿಲ್ಲ. ಉಸಿರೆಳೆದರೆ ತಳದವರೆಗೂ ಸಲೀಸಾಗಿ ಹೋಗಿ ಬರುತ್ತಿತ್ತು. ಇಷ್ಟು ದಿನ ಸುಮ್ಮನೆ ಊರೂರು ಅಲೆದೆನಲ್ಲ ಎಂದು ನಗು ಬಂತು, ಸಂತೋಷವೂ ಆಯಿತು.

ಗೈಡೊಬ್ಬ ಹತ್ತಿರ ಬಂದ. "ನಮಸ್ಕಾರ ಸರ್, ಹಳೇಬೀಡಿಗೆ ಇದೇ ಮೊದಲ್ನೇ ಸಲನಾ?"

ನಾನು ಗಂಭೀರವಾಗಿ ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಗಿರಿಜೆ ಹೇಳಿದಳು:

"ನನಗೆ ಮೊದಲ್ನೇ ಸಲ ಕಣಪ್ಪ. ಇವರು ಬೆಳಿಗ್ಗೇನೇ ಬಂದು, ಕೆರೆ, ಆಸ್ಪತ್ರೆ ಎಲ್ಲಾ ನೋಡ್ಕೊಂಡಿದಾರೆ. ದೇವಸ್ಥಾನ ಒಂದು ಬಾಕಿ ಇತ್ತು."